ಗೋಡೆ ಮುಟ್ಟದೆ ಹತ್ತಿದ ಬುರುಜು

ನಮ್ಮ ಮನೆಯಲ್ಲಿ ನಾಲ್ಕೂ ಜನ ಒಟ್ಟಿಗಿರುವ ಫೋಟೋ ಒಂದೇ. ಬುರುಜಿನ ಬುಡದಲ್ಲಿ ತೆಗೆಸಿದ್ದು. ಅಪ್ಪ ಕೋಟು ಹಾಕಿ ಎದೆ ಸೆಟೆಸಿ ನಿಂತಿದ್ದಾರೆ. ಅವ್ವ ಬುತ್ತಿಯ ಗಂಟನ್ನು ಸೆರಗಿನಡಿ ಮರೆಸಲು ನೋಡಿ ಸೋತಿದ್ದಾಳೆ. ನಾನು ನಗುತ್ತಿದ್ದೇನೆ, ನನ್ನ ಕೈ ಅಕ್ಕನ ಮಣಿಕಟ್ಟನ್ನು ಹಿಡಿದಿದೆ. ಅಕ್ಕನ ಮುಖ ಮಾತ್ರ ಇಲ್ಲ. ಕ್ಯಾಮೆರಾ ಕ್ಲಿಕ್ಕೆನ್ನುವ ಹೊತ್ತಿಗೆ ಅವಳು ತಿರುಗಿಬಿಟ್ಟಿದ್ದಳು. ಜಡೆ, ಒಂದು ಓಲೆ, ಕೆನ್ನೆಯ ಅಂಚು ಅಷ್ಟೇ ಬಂದಿದೆ. ನಮ್ಮ ಹಿಂದೆ ಬೇವಿನ ಮರದಡಿಯ ಕಲ್ಲುಬೆಂಚಿನ ಮೇಲೆ ಮೂವರು ಕುಳಿತು ಕಡಲೆಕಾಯಿ ತಿನ್ನುತ್ತಿದ್ದಾರೆ. "ಎಲ್ಲಾ ಚೆನ್ನಾಗಿ ಬಂದಿತ್ತು, ಇವಳು ಕೆಡಿಸಿದಳು" ಎಂದು ಅಪ್ಪ ಆ ಫೋಟೋ ಕೈಗೆ ಸಿಕ್ಕಾಗಲೆಲ್ಲ ಹೇಳುತ್ತಿದ್ದರು.

ಹಾಸ್ಟೆಲಿನಲ್ಲಿ ರಜೆ ಹತ್ತಿರ ಬಂದಾಗ ಯಾರಾದರೂ ಕೇಳುತ್ತಾರೆ. "ನಿಮ್ಮ ಕಡೆ ಬುರುಜು ಇದೆಯಲ್ಲ, ಕ್ಯಾಲೆಂಡರ್‌ನಲ್ಲೆಲ್ಲ ಬರುತ್ತೆ. ಮನೆಯವರನ್ನ ಕರ್ಕೊಂಡು ಹೋಗೋ ಹಂಗಿದೆಯಾ?" ನಾನು "ಮೆಟ್ಟಿಲು ಜಾಸ್ತಿ" ಎಂದು ಹೇಳಿ ಪುಸ್ತಕದಲ್ಲಿ ತಲೆ ಹುದುಗಿಸುತ್ತೇನೆ. ಸುಳ್ಳಲ್ಲ. ಇನ್ನೂರ ಹನ್ನೆರಡು ಮೆಟ್ಟಿಲುಗಳಿವೆ. ಅವು ಬುರುಜಿನ ಒಳಗಿಲ್ಲ. ಹೊರಮೈಯಲ್ಲಿ, ಒಂದೇ ಮುಖದಲ್ಲಿ, ಎಡಕ್ಕೂ ಬಲಕ್ಕೂ ಮಡಚಿಕೊಂಡು ಮೇಲೇರುತ್ತವೆ. ಕೆಳಗೆ ಕುಳಿತವರಿಗೆ ಹತ್ತುವವರ ಒಂದೊಂದು ಹೆಜ್ಜೆಯೂ ಕಾಣುತ್ತದೆ. ಆ ದಿನಕ್ಕೆ ಆ ಜಾಗವನ್ನು ಆರಿಸಿದ್ದು ಅದಕ್ಕಾಗಿಯೇ.

ಅಕ್ಕನ ಹೆಸರು ದಾಕ್ಷಾಯಿಣಿ. ಮೂರನೇ ವಯಸ್ಸಿನಲ್ಲಿ ಬಂದ ಜ್ವರ ಅವಳ ಎಡಗಾಲಿನ ಬಲವನ್ನೂ ಅರ್ಧ ಅಂಗುಲದಷ್ಟು ಬೆಳವಣಿಗೆಯನ್ನೂ ತಿಂದುಹಾಕಿತ್ತು. ಅಪ್ಪ ಹೆಂಗಸರ ಬಟ್ಟೆ ಹೊಲಿಯುವ ದರ್ಜಿ. ಅಕ್ಕನ ಲಂಗಗಳಿಗೆ ಎಡಗಡೆಯ ಅಂಚನ್ನು ಒಂದು ಬೆರಳು ಮೇಲೆ ಮಡಿಸಿ ಹೊಲಿಯುತ್ತಿದ್ದರು, ನಿಂತಾಗ ಎರಡೂ ಕಡೆ ನೆಲಕ್ಕೆ ಸಮ ಕಾಣಲಿ ಎಂದು. ಎಡಗಾಲಿನ ಚಪ್ಪಲಿಗೆ ಚಮ್ಮಾರನಿಂದ ಎರಡು ಪದರ ಟೈರು ಹಾಕಿಸುತ್ತಿದ್ದರು. ಮನೆಯಲ್ಲಿ ಯಾರೂ ಕಾಲಿನ ಬಗ್ಗೆ ಮಾತಾಡುತ್ತಿರಲಿಲ್ಲ. ಅಂಚು ಮತ್ತು ಚಪ್ಪಲಿ ಮಾತಾಡುತ್ತಿದ್ದವು. ಅಕ್ಕ ಅಪ್ಪನ ಅಂಗಡಿಯಲ್ಲೇ ಗುಂಡಿಯ ಕಾಜಾ ಹೊಲಿದು, ಅಂಚಿಗೆ ಹೆಮ್ಮಿಂಗ್ ಮಾಡಿ, ಮಷಿನ್ ತುಳಿದು ಇಪ್ಪತ್ತಾರು ದಾಟಿದ್ದಳು.

ಮೂರು ಸಲ ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ತಿಳಿಸುತ್ತೇವೆ ಎಂದು ಎದ್ದು ಹೋಗಿದ್ದರು. ನಾಲ್ಕನೆಯ ಸಂಬಂಧವನ್ನು ತಂದವನು ಅವ್ವನ ದೂರದ ಅಣ್ಣ ಕೊಟ್ರಪ್ಪ ಮಾಮ. ಅಕ್ಕ ಮನೆಗೆ ಊಟಕ್ಕೆ ಹೋದ ಹೊತ್ತಿನಲ್ಲಿ ಅವನು ಅಂಗಡಿಯ ಸ್ಟೂಲಿನ ಮೇಲೆ ಕುಳಿತು ವಿಷಯ ಬಿಚ್ಚಿದ. ನಾನು ರಜೆಗೆ ಬಂದಿದ್ದೆ, ಅಲ್ಲೇ ಇದ್ದೆ.

"ಅವರು ಒಂದ್ಸಲ ಮೋಸ ಹೋಗಿದ್ದಾರೆ ಭಾವ. ದೊಡ್ಡ ಮಗನಿಗೆ ತಂದ ಹೆಣ್ಣಿಗೆ ಒಂದು ಕಿವಿ ಕೇಳ್ತಿರಲಿಲ್ಲ, ತಾಳಿ ಬಿದ್ದ ಮೇಲೆ ಗೊತ್ತಾಯ್ತಂತೆ. ತಟ್ಟೆ ಹಿಡ್ಕೊಂಡು ನಾಕು ಹೆಜ್ಜೆ ಯಾರು ಬೇಕಾದ್ರೂ ನಡೀತಾರೆ, ನಮಗೆ ಬುರುಜು ಹತ್ತೋದು ತೋರಿಸಿ ಅಂತಾರೆ."

"ಏನು, ಎತ್ತು ಕೊಳ್ಳೋಕೆ ಬಂದಿದ್ದಾರಾ?" ಎಂದೆ ನಾನು.

"ನೀನು ಸುಮ್ಮನಿರವ್ವ, ನಿನ್ನ ಪುಸ್ತಕದ ಮಾತು ಇಲ್ಲಿ ನಡೆಯಲ್ಲ" ಎಂದು ಕೊಟ್ರಪ್ಪ ಮಾಮ ಅಪ್ಪನ ಕಡೆ ತಿರುಗಿದ. "ಮನೆಗೆ ಬಂದು ಬೇಡ ಅಂದ್ರೆ ಬೀದಿಗೆಲ್ಲ ಗೊತ್ತಾಗುತ್ತೆ. ಇದಾದ್ರೆ ನೀವು ಬುರುಜು ನೋಡೋಕೆ ಹೋದ್ರಿ, ಅವರೂ ಬಂದಿದ್ರು. ಒಪ್ಪಿಗೆ ಆದ್ರೆ ಹುಡುಗನ ದೊಡ್ಡಪ್ಪ ಬಂದು 'ಯಾವೂರಾಯ್ತು ನಿಮ್ದು' ಅಂತ ಮಾತು ಎತ್ತುತಾನೆ. ಇಲ್ಲಾಂದ್ರೆ ಅವರ ಪಾಡಿಗೆ ಅವರು, ನಿಮ್ಮ ಪಾಡಿಗೆ ನೀವು. ಹುಡುಗಿಗೆ ಮಾತ್ರ ಗೊತ್ತಾಗಬಾರದು."

ಮಾಮ ಹೋದ ಮೇಲೆ ಅಪ್ಪ ಕುತ್ತಿಗೆಯ ಟೇಪನ್ನು ತೆಗೆದು ಸುತ್ತುತ್ತಾ, ಬಿಚ್ಚುತ್ತಾ ಕುಳಿತರು. ಕೊನೆಗೆ ಅಂದರು: "ನೋಡು ತಾಯಿ, ನಿನ್ನ ಮಾತು ಅವಳು ಕೇಳ್ತಾಳೆ. ಗೋಡೆ ಹಿಡೀದಂಗೆ, ಮಧ್ಯೆ ಕೂರದಂಗೆ ಹತ್ತಿಸಿಬಿಡು. ಇವಳದೊಂದು ಆದ್ರೆ ನಿನ್ನ ಓದಿಗೆ ನಾನು ಅಡ್ಡ ಬರಲ್ಲ. ದೊಡ್ಡೋಳು ಮನೇಲಿರುವಾಗ ಚಿಕ್ಕೋಳನ್ನ ದೂರ ಕಳಿಸಿದ್ದಾನೆ ಅಂತ ಈಗಲೇ ಜನ ಆಡ್ಕೋತಾರೆ."

ಒಪ್ಪಿಕೊಂಡೆ. ಅಕ್ಕನಿಗೆ ಒಳ್ಳೆಯದಾಗಲಿ ಎಂದು ಒಪ್ಪಿಕೊಂಡೆ ಎಂದು ಬರೆಯಬಹುದು, ಬರೆದರೆ ಅದು ಸುಳ್ಳು. ಕಾಲೇಜಿನ ಕೊನೆಯ ವರ್ಷ ತಪ್ಪುತ್ತದೆಂಬ ಹೆದರಿಕೆಗೆ ಒಪ್ಪಿಕೊಂಡೆ.

ಸೋಮವಾರ ಅಂಗಡಿಗೆ ಬೀಗ ಹಾಕಿ ಹೊರಟೆವು. ಅಕ್ಕನಿಗೆ ಹೊಸ ಚಪ್ಪಲಿ ಬಂದಿತ್ತು. ಹಿಮ್ಮಡಿಗೆ ಪಟ್ಟಿ, ಪಟ್ಟಿಗೆ ಬಕಲು, ಎಡಗಡೆ ಮೂರು ಪದರ ಟೈರು. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಲೇ ಇದ್ದಳು. ಅವ್ವ ಮುಂದಿನ ಸೀಟಿನಿಂದ ಎರಡು ಸಲ ತಿರುಗಿ "ಹೂ ಬಾಡ್ತೇನೋ ನೋಡ್ಕೊಳೇ" ಎಂದಳು. ಬುರುಜು ನೋಡಲು ಹೋಗುವವರಿಗೆ ಅಷ್ಟು ಹೂವು ಯಾಕೆಂದು ಅಕ್ಕ ಕೇಳಲಿಲ್ಲ.

ಬುರುಜಿನ ಬುಡದಲ್ಲಿ ಬಸ್ಸಿಳಿದಾಗ ಬೆಂಚಿನ ಮೇಲೆ ಅವರು ಆಗಲೇ ಕುಳಿತಿದ್ದರು. ನೇರಳೆ ಸೀರೆಯ ದಪ್ಪ ಹೆಂಗಸು, ಕೊಡೆ ಹಿಡಿದ ಮುದುಕ, ತುಂಬುತೋಳಿನ ಬಿಳಿ ಅಂಗಿಯ ಹುಡುಗ. ಹುಡುಗ ಕೆಟ್ಟವನಂತೆ ಕಾಣಲಿಲ್ಲ. ಕಡಲೆಕಾಯಿ ಸುಲಿದು ಕಾಳನ್ನು ತಾಯಿಯ ಕೈಗೆ ಹಾಕುತ್ತಿದ್ದ. ಅಪ್ಪ ಅವರ ಕಡೆ ನೋಡದಿರಲು ಪಡುತ್ತಿದ್ದ ಪಾಡು ದೂರದಿಂದಲೇ ತಿಳಿಯುವಂತಿತ್ತು. ಅದನ್ನು ಮುಚ್ಚಲೋ ಏನೋ, ಸ್ಟ್ಯಾಂಡ್ ಹಾಕಿಕೊಂಡು ನಿಂತಿದ್ದ ಫೋಟೋದವನನ್ನು ಕರೆದರು. ಆ ಫೋಟೋ ಆಗ ತೆಗೆದದ್ದು.

ಅವ್ವನಿಗೆ ಮಂಡಿನೋವು. ಅಪ್ಪ ಅವಳ ಜೊತೆ ಕೆಳಗೇ ಉಳಿದರು. ನಾವಿಬ್ಬರೇ ಹೊರಟೆವು.

"ಅಕ್ಕ, ಪಂದ್ಯ ಕಟ್ಟೋಣ" ಎಂದೆ. "ಗೋಡೆ ಮುಟ್ಟಿದೋರು ಸೋತಂಗೆ."

"ಗೆದ್ದೋರಿಗೆ?"

"ಲೈಬ್ರರಿಯಿಂದ ಒಂದು ಪುಸ್ತಕ ತಂದುಕೊಡ್ತೀನಿ."

"ಲೈಬ್ರರೀದು ಯಾಕೆ, ವಾಪಸ್ ಕೊಡಬೇಕು. ನಿನ್ನ ಸ್ವಂತದ್ದು ಕೊಡು" ಎಂದು ನಕ್ಕು ಅವಳು ನೆರಿಗೆ ಎತ್ತಿ ಹಿಡಿದಳು.

ಮೆಟ್ಟಿಲಿನ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಮೊಣಕಾಲೆತ್ತರದ ಕಟ್ಟೆ. ಗಾಳಿ ಜೋರಾಗಿತ್ತು. ಹತ್ತುವವರೆಲ್ಲ ಗೋಡೆ ಸವರಿಕೊಂಡೇ ಹತ್ತುತ್ತಾರೆ, ಕೈ ತಾಗುವ ಎತ್ತರದಲ್ಲಿ ಕಲ್ಲು ಎಣ್ಣೆ ಹಚ್ಚಿದಂತೆ ಮಿನುಗುತ್ತದೆ. ಅಕ್ಕ ನಡುವಿನಲ್ಲಿ ನಡೆದಳು. ಹೊಸ ಚಪ್ಪಲಿ ಹೆಜ್ಜೆಗೊಂದು ಸಲ ಟಪ್ ಎಂದು ಕಲ್ಲಿಗೆ ಬಡಿಯುತ್ತಿತ್ತು. ಅಳತೆ ಸಡಿಲವಿರಬೇಕು ಎಂದುಕೊಂಡೆ. ಮೊದಲ ತಿರುವು ದಾಟಿತು. ಎರಡನೆಯದೂ ದಾಟಿತು. ಅವಳು ಒಮ್ಮೆಯೂ ಕುಂಟಲಿಲ್ಲ. ಕೆಳಗೆ ಮುದುಕ ಕೊಡೆ ಮಡಚಿ ತಲೆ ಎತ್ತಿ ನೋಡುತ್ತಿದ್ದ. ಕೆಲಸ ಆಯ್ತು ಎಂದು ನನಗೆ ಸಮಾಧಾನವಾಯಿತು. ಆ ಸಮಾಧಾನ ಎಷ್ಟು ಹಿತವಾಗಿತ್ತೆಂಬುದೂ ನೆನಪಿದೆ.

ಮೂರನೇ ತಿರುವಿನ ಹಾಸುಗಲ್ಲಿನ ಮೇಲೆ ಅಕ್ಕ ನಿಂತಳು.

"ಕೂರಬೇಡ" ಎಂದೆ.

"ಕೂರಲ್ಲ. ಅವರಿಗೆ ಇಲ್ಲಿಂದ ನಾನು ಕಾಣ್ತೀನಾ?"

"ಯಾರಿಗೆ?"

ಅವಳು ನನ್ನ ಮುಖ ನೋಡಿದಳು. ಕೋಪವಿರಲಿಲ್ಲ. ಕಾಜಾ ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾಳಲ್ಲ, ಹಾಗೆ ನೋಡಿದಳು.

"ಅಪ್ಪ ಅಂಗಡಿಗೆ ಬೀಗ ಹಾಕಿದ್ದು ಮೂರೇ ಸಲ ಕಣೇ. ಮೂರು ಸಲಾನೂ ಯಾರೋ ನನ್ನ ನೋಡೋಕೆ ಬಂದಿದ್ರು. ಇದು ನಾಕನೇದು. ನಿನಗೆ ಗೊತ್ತಿತ್ತಾ ಇಲ್ವಾ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಪಂದ್ಯ ಅಂದೆಯಲ್ಲ, ಆಗ ಗೊತ್ತಾಯ್ತು."

ಅವಳು ಬಗ್ಗಿ ಎರಡೂ ಚಪ್ಪಲಿಗಳನ್ನು ತೆಗೆದು, ಹಾಸುಗಲ್ಲಿನ ಅಂಚಿನಲ್ಲಿ ಕೆಳಗಿನವರಿಗೆ ಕಾಣುವಂತೆ ಪಕ್ಕಪಕ್ಕ ಇಟ್ಟಳು. ಒಂದು ತೆಳ್ಳಗೆ, ಒಂದು ದಪ್ಪ.

"ಅಕ್ಕ, ಬೇಡ. ಇನ್ನರ್ಧ ಅಷ್ಟೇ ಇರೋದು."

"ಇನ್ನರ್ಧ ನನ್ನ ಕಾಲಲ್ಲಿ ಹತ್ತುತೀನಿ."

ಬರಿಗಾಲಿನಲ್ಲಿ ಅವಳು ಹತ್ತಿದ ರೀತಿಯನ್ನು ಚಂದ ಮಾಡಿ ಹೇಳಲಾರೆ. ಪ್ರತಿ ಎಡಹೆಜ್ಜೆಗೂ ಸೊಂಟ ಒಂದು ಕಡೆ ಕುಸಿಯುತ್ತಿತ್ತು, ಭುಜ ಇನ್ನೊಂದು ಕಡೆ ಏಳುತ್ತಿತ್ತು. ಎರಡು ಕಡೆ ಬಲಗಾಲನ್ನು ಊರಿ ಎಡಗಾಲನ್ನು ಕೈಯಲ್ಲಿ ಎತ್ತಿ ಇಟ್ಟುಕೊಂಡಳು. ಇಳಿದು ಬರುತ್ತಿದ್ದ ಒಬ್ಬಾಕೆ "ಅಯ್ಯೋ, ಗೋಡೆ ಹಿಡ್ಕೊಳ್ಳವ್ವ" ಎಂದಳು. "ಪಂದ್ಯ ಇದೆ" ಎಂದಳು ಅಕ್ಕ. ಅವಳು ಗೋಡೆ ಮುಟ್ಟಲಿಲ್ಲ. ನಾನು ಹಿಂದೆ ಕೈ ಚಾಚಿಕೊಂಡು ಹತ್ತಿದೆ, ಬಿದ್ದರೆ ಹಿಡಿಯಲು. ಕೆಳಗಿನವರಿಗೆ ಅದೂ ಕಂಡಿರಬೇಕು.

ಮೇಲೆ ತಲುಪಿದಾಗ ಅವಳ ಕುಪ್ಪಸ ಬೆವರಿನಿಂದ ಬೆನ್ನಿಗಂಟಿತ್ತು. ಪಾದದ ಅಂಚು ತರಚಿತ್ತು. ಅವಳು ಅದನ್ನು ನೋಡಿಕೊಳ್ಳಲಿಲ್ಲ. ಕಟ್ಟೆಗೆ ಒರಗಿ ಹೊರಗೆ ನೋಡಿದಳು. ಹೊಳೆ ಊರಿನ ಮೂರು ಕಡೆ ಸುತ್ತಿಕೊಂಡಿತ್ತು. ಮರಳಿನ ಮೇಲೆ ಅಗಸರು ಹರಡಿದ ಬಟ್ಟೆಗಳು ಬಿಳಿ ಚುಕ್ಕೆಗಳಾಗಿದ್ದವು.

"ರವಿಕೆ ಕುತ್ತಿಗೆ ಇದ್ದಂಗೆ ದುಂಡಗಿದೆ ನೋಡೇ ಹೊಳೆ" ಎಂದಳು. "ಒಂದು ಕಡೆ ಸ್ವಲ್ಪ ಸೊಟ್ಟ."

"ಗೊತ್ತಿದ್ದೂ ಯಾಕೆ ಬಂದೆ?"

"ಏಳನೇ ಕ್ಲಾಸಲ್ಲಿ ಇಲ್ಲಿಗೆ ಕರ್ಕೊಂಡು ಬಂದಿದ್ರು. ಮೇಷ್ಟ್ರು ನನ್ನ ಕೆಳಗೇ ಬಿಟ್ರು, ಎಲ್ಲರ ಬುತ್ತಿ ಕಾಯೋಕೆ. ಅದೇ ಬೆಂಚಿನ ಮೇಲೆ ಕೂತಿದ್ದೆ. ಇಳಿದು ಬಂದೋರೆಲ್ಲ ಮೇಲಿಂದ ಹಂಗೆ ಕಾಣುತ್ತೆ, ಹಿಂಗೆ ಕಾಣುತ್ತೆ ಅಂದ್ರು." ಗಾಳಿಗೆ ಮುಂದೆ ಬಂದ ಜಡೆಯನ್ನು ಹಿಂದಕ್ಕೆ ಹಾಕಿಕೊಂಡಳು. "ಇದಕ್ಕಲ್ಲದೆ ಇನ್ಯಾವುದಕ್ಕೆ ಅಪ್ಪ ನನ್ನ ಇಲ್ಲಿಗೆ ಕರ್ಕೊಂಡು ಬರ್ತಿದ್ರು ಹೇಳು."

ನಾನು ಅಳುತ್ತಿದ್ದೆನೆಂದು ಕಾಣುತ್ತದೆ. "ಅಳೋದಾದ್ರೆ ಆ ಕಡೆ ನಿಂತ್ಕೊಂಡು ಅಳು, ನನಗೆ ನೋಡಬೇಕು" ಎಂದಳು. ನಾನು ಆ ಕಡೆ ಹೋಗಿ ನಿಂತೆ. ಅವಳು ನಾಲ್ಕೂ ದಿಕ್ಕಿಗೆ ತಿರುಗಿ, ಸಾವಕಾಶವಾಗಿ, ಇನ್ನು ಸಾಕೆನ್ನಿಸುವವರೆಗೆ ನೋಡಿದಳು.

ಇಳಿಯುವಾಗ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡಳು. ಬೆಂಚು ಖಾಲಿಯಾಗಿತ್ತು, ಕೆಳಗೆ ಕಡಲೆಕಾಯಿ ಸಿಪ್ಪೆ ಹರಡಿತ್ತು. ಯಾವೂರು ಎಂದು ಕೇಳಲು ಯಾರೂ ಇರಲಿಲ್ಲ. ಅಪ್ಪ ಅವಳನ್ನು ಬಿಟ್ಟು ನನ್ನನ್ನು ಕೇಳಿದರು.

"ಚಪ್ಪಲಿ ಯಾಕೆ ಬಿಚ್ಚಿದ್ಲು?"

"ಪಟ್ಟಿ ಕಿತ್ತುಹೋಯ್ತು ಅಪ್ಪ."

"ಕಿತ್ತಿಲ್ಲ" ಎಂದಳು ಅಕ್ಕ. "ನಾನೇ ಬಿಚ್ಚಿದೆ."

ಅಪ್ಪನ ಕಣ್ಣು ಅವಳ ಪಾದದ ಮೇಲಿತ್ತು. ಅವ್ವ ಅದೇ ಬೆಂಚಿನ ಮೇಲೆ ಸಿಪ್ಪೆ ಕೊಡವಿ ಬುತ್ತಿ ಬಿಚ್ಚಿದಳು. ಚಿತ್ರಾನ್ನ ತಿಂದೆವು. ಅವ್ವ ಒಮ್ಮೆ ಮಾತ್ರ ಕೇಳಿದಳು: "ಮೇಲೆ ಏನಿತ್ತೇ?"

"ಹೊಳೆ ಕಾಣುತ್ತೆ ಅವ್ವ. ಅಗಸರ ಬಟ್ಟೆ."

"ಅಷ್ಟೇನಾ?"

"ಅಷ್ಟೇ."

ವಾರದ ಮೇಲೆ ಕೊಟ್ರಪ್ಪ ಮಾಮ ಸುದ್ದಿ ತಂದ. "ಬೇಡ ಅಂದಿದ್ದು ಕಾಲಿಂದಲ್ಲವಂತೆ. ಕಾಲಾದ್ರೆ ಹೆಂಗೋ ಸುಧಾರಿಸ್ತಿದ್ವಿ, ಹುಡುಗಿಗೆ ಕೊಬ್ಬು ಅಂದ್ರಂತೆ." ಅಪ್ಪ ಮಷಿನ್ನಿನಿಂದ ತಲೆ ಎತ್ತಲಿಲ್ಲ. ನನ್ನ ಓದು ನಿಲ್ಲಲಿಲ್ಲ. ಅಪ್ಪ ಅದರ ಮಾತೇ ಎತ್ತಲಿಲ್ಲ. ನಾನು ಯಾವುದಕ್ಕೆ ಹೆದರಿ ಅಕ್ಕನನ್ನು ಹತ್ತಿಸಲು ಒಪ್ಪಿದ್ದೆನೋ ಅದು ಆಗಲೇ ಇಲ್ಲ.

ಅಕ್ಕನಿಗೆ ಇನ್ನೂ ಮದುವೆಯಾಗಿಲ್ಲ. ಆಮೇಲೆ ಒಬ್ಬರು ಮನೆಗೆ ಬಂದಿದ್ದರು. ಅವಳು ಬರಿಗಾಲಿನಲ್ಲೇ ತಟ್ಟೆ ತಂದಿಟ್ಟಳು. ಅವರೂ ತಿಳಿಸುತ್ತೇವೆ ಎಂದು ಹೋದರು. ಧೈರ್ಯದಿಂದ ಏನೋ ಬದಲಾಗುತ್ತದೆಂದು ನಾನು ಓದಿದ ಪುಸ್ತಕಗಳಲ್ಲಿತ್ತು. ನಮ್ಮ ಮನೆಯಲ್ಲಿ ಬದಲಾದದ್ದು ಒಂದೇ. ಆ ವರ್ಷದ ಹಬ್ಬಕ್ಕೆ ಅಪ್ಪ ಹೊಲಿದುಕೊಟ್ಟ ಲಂಗದ ಅಂಚು ಎರಡೂ ಕಡೆ ಸಮ ಇತ್ತು. ಸಿಟ್ಟಿಗೆ ಹಾಗೆ ಹೊಲಿದರೋ ಇನ್ಯಾವುದಕ್ಕೋ ನನಗೆ ತಿಳಿಯದು. ಅಕ್ಕ ಉಟ್ಟುಕೊಂಡಳು. ಎಡಗಡೆ ಅಂಚು ನೆಲಕ್ಕೆ ಉಜ್ಜಿ ಬೇಗ ಹರಿಯಿತು. ಅವಳೇ ಕುಳಿತು ಹೊಲಿದುಕೊಂಡಳು.

ಪಂದ್ಯದ ಪುಸ್ತಕವನ್ನು ನಾನು ಕೊಟ್ಟೆ. ಅದರ ಹಾಳೆಗಳ ನಡುವೆ ಅವಳು ಕುತ್ತಿಗೆ, ತೋಳಿನ ಕಾಗದದ ಕಟಿಂಗುಗಳನ್ನು ಇಟ್ಟುಕೊಂಡಿದ್ದಾಳೆ. ಓದಿದಳೋ ಇಲ್ಲವೋ ಕೇಳಲು ನನಗೆ ಬಾಯಿ ಬಂದಿಲ್ಲ. ನಾವು ಮಾತಾಡುತ್ತೇವೆ, ನಗುತ್ತೇವೆ. ಆದರೆ ಬಸ್ಸು ಹತ್ತುವಾಗ ನಾನು ಕೈ ಚಾಚಿದರೆ ಅವಳು ಬಾಗಿಲಿನ ಕಂಬಿ ಹಿಡಿಯುತ್ತಾಳೆ.

ಕಳೆದ ರಜೆಯಲ್ಲಿ ಕಟಿಂಗು ಹುಡುಕುವಾಗ ಅದೇ ಪುಸ್ತಕದಲ್ಲಿ ಆ ಫೋಟೋ ಸಿಕ್ಕಿತು. ಕಿಟಕಿಯ ಬಳಿ ಒಯ್ದು ಬಹಳ ಹೊತ್ತು ನೋಡಿದೆ. ಅಕ್ಕನ ತಿರುಗಿದ ಮುಖ ನೇರವಾಗಿ ಬೆಂಚಿನ ಕಡೆಗಿದೆ, ಕಡಲೆಕಾಯಿ ತಿನ್ನುತ್ತಿರುವ ಮೂವರ ಕಡೆಗೆ. ಎಡಗಾಲು ಆಗಲೇ ಮೊದಲ ಮೆಟ್ಟಿಲಿನ ಮೇಲಿದೆ. ಕಣ್ಣಿಗೆ ಹತ್ತಿರ ಹಿಡಿದರೆ ಚಪ್ಪಲಿಯ ಬಕಲು ಕಾಣುತ್ತದೆ. ಪಂದ್ಯದ ಮಾತು ನಾನು ಎತ್ತುವ ಮೊದಲೇ ಅದು ಬಿಚ್ಚಿದೆ, ಪಟ್ಟಿ ಹಿಮ್ಮಡಿಯಿಂದ ಜಾರಿ ಕಲ್ಲಿನ ಮೇಲೆ ಬಿದ್ದಿದೆ.