ಮುತ್ತೈದೆ ಹುಣ್ಣಿಮೆಗೆ ಮುಂಚೆ

ಕಾಶವ್ವ ಬಿಸಿನೀರನ್ನು ಬಸವಣ್ಣೆವ್ವನ ಹೆಣದ ತಲೆಯ ಮೇಲೆ ಸುರಿದು, ಗಂಟುಗಟ್ಟಿದ ಜಡೆಯನ್ನು ಎರಡೂ ಕೈಯಿಂದ ಹಿಂಡುತ್ತಿದ್ದಾಗ ಪಕ್ಕದ ಕೋಣೆಯ ರಂಗೂಬಾಯಿ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

"ಕುಂಕೂ ಲಾವೂ ಕಾ ನಕೊ?" ಎಂದಳು. ಹಚ್ಚಲೋ ಬೇಡವೋ ಎಂದು ಕೇಳುತ್ತಿದ್ದಳು. ಪುಣೆಯ ಭವಾನಿ ಪೇಠೆಯ ಆ ಸಾಲುಕೋಣೆಗಳ ವಾಡೆಯಲ್ಲಿ ಕನ್ನಡದವರ ಜೊತೆಯಲ್ಲೇ ಮುದುಕಿಯಾದವಳು. ಗಾಬರಿಯಾದಾಗ ಮಾತ್ರ ಬಾಯಿಗೆ ಮರಾಠಿಯೇ ಬರುತ್ತಿತ್ತು.

"ಬ್ಯಾಡ," ಎಂದಳು ಕಾಶವ್ವ.

"ಅಗಂ, ದೇವಿಗೆ ಬಿಟ್ಟಾಕಿ ಅಲ್ಲೇನ ಬಸವಣ್ಣೆವ್ವ? ಜೋಗತಿ ಅಂದ್ರ ಎಂದೆಂದೂ ಮುತ್ತೈದಿ ಅಂತ ನೀನ ಹೇಳತಿದ್ದಿ."

"ಈಗ ಅಲ್ಲ. ಹೊಸ್ತಿಲ ಹುಣ್ಣಿವಿಗೆ ಬಳಿ ಒಡಕೊಂಡೇವಿ. ಭಾರತ ಹುಣ್ಣಿವಿ ಬರೂತನಾ ನಾವೆಲ್ಲಾ ರಂಡೇರ."

ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಹೊಸ್ತಿಲ ಹುಣ್ಣಿಮೆಗೆ ಯಲ್ಲಮ್ಮನ ಗಂಡ ಜಮದಗ್ನಿಯನ್ನು ವೈರಿ ಕಡಿದು ಹಾಕುತ್ತಾನೆ. ಮುತ್ತೈದೆ ಹುಣ್ಣಿಮೆ ಎಂದೂ ಕರೆಯುವ ಭಾರತ ಹುಣ್ಣಿಮೆಗೆ ಮಗ ಪರಶುರಾಮ ತಂದೆಯ ಜೀವ ತಿರುಗಿ ತರುತ್ತಾನೆ. ನಡುವಿನ ದಿನಗಳಲ್ಲಿ ಸಾಕ್ಷಾತ್ ತಾಯಿಯೇ ವಿಧವೆ; ಅವಳ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡವರೂ ವಿಧವೆಯರು. ಪ್ರತಿವರ್ಷ ಬಳೆ ಒಡೆಯುವುದು, ಪ್ರತಿವರ್ಷ ಹಸಿರು ಬಳೆ ಇಟ್ಟುಕೊಳ್ಳುವುದು. ನಡುವೆ ಸಾಯಬಾರದು, ಅಷ್ಟೆ. ಬಸವಣ್ಣೆವ್ವ ಎದೆಯಲ್ಲಿ ಕಫ ಕಟ್ಟಿ, ನಡುವೆಯೇ ಸತ್ತಳು.

ಸಾಯುವವಳಿಗೂ ಅದೇ ಚಿಂತೆಯಾಗಿತ್ತು. "ಕಾಶವ್ವಾ, ಹುಣ್ಣಿವಿತನಾ ನನ್ನ ಹೆಂಗರ ಹಿಡದ ಇಟ್ಟಗೋ. ಬರಿಗೈಲೆ ಕಳಸಬ್ಯಾಡವಾ," ಎಂದು ಮೂರು ದಿನ ಗೋಗರೆದಿದ್ದಳು. ಹೂಂ ಎಂದು ಕಾಶವ್ವ ಮಾತು ಕೊಟ್ಟಿದ್ದಳು.

*

ಬಹಳ ವರ್ಷಗಳ ಹಿಂದೆ, ಪ್ಲೇಗಿನ ಕಾಲ. ಮನೆಗಳ ಹೆಂಚು ತೆಗೆಸಿ ಒಳಗೆ ಬಿಸಿಲು ಬಿಡಿಸುತ್ತಿದ್ದರು. ಧಾರವಾಡದ ಕಡೆಯಿಂದ ಹೊಟ್ಟೆಪಾಡಿಗೆ ಪುಣೆಗೆ ಬಂದಿದ್ದ ಬಸವಣ್ಣೆವ್ವನ ಮನೆಯವರ ಒಬ್ಬನೇ ಮಗ ಶಿವರುದ್ರಪ್ಪನ ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು. ತಾಯಿ ದಕ್ಷಿಣಕ್ಕೆ, ಸವದತ್ತಿಯ ಗುಡ್ಡದ ಕಡೆಗೆ, ಸೆರಗೊಡ್ಡಿ ಕೂತಳು. ಹುಡುಗನನ್ನು ಉಳಿಸಿಕೊಡು, ಹುಡುಗಿಯನ್ನು ನಿನಗೆ ಕೊಡುತ್ತೇನೆ ಅಂದಳು. ಗಡ್ಡೆ ಒಡೆಯಿತು, ಹುಡುಗ ಉಳಿದ.

ತಂಗಿ ಬಸವಣ್ಣೆವ್ವನಿಗೆ ಆಗಿನ್ನೂ ಹಾಲುಹಲ್ಲು ಬೀಳುತ್ತಿದ್ದವು. ಗುಡ್ಡದ ಮೇಲೆ ಕೆಂಪು ಬಿಳಿ ಮಣಿಯ ಸರ ಕಟ್ಟಿದಾಗ ಜನಜಂಗುಳಿಗೆ ಹೆದರಿ ಅಣ್ಣನ ಕೈ ಬಿಡಲೇ ಇಲ್ಲ.

"ಅವ್ವಾ, ಇದು ನನ್ನ ಲಗ್ನ ಏನು?"

"ಹೌದವಾ ನನ್ನ ಬಂಗಾರಾ. ಎಲ್ಲಾರ ಗಂಡಂದ್ರೂ ಸಾಯತಾರ, ನೀ ಮಾತ್ರ ಎಂದಿದ್ರೂ ಮುತ್ತೈದಿ. ಹಸರ ಬಳಿ ಇಟಗೊಂಡ ಹೋಗತಿ."

ಮಗ ಉಳಿದ ಸಂತೋಷದಲ್ಲಿ ಆ ತಾಯಿಗೆ ಎರಡು ಹುಣ್ಣಿಮೆಗಳ ನೆನಪಾಗಲಿಲ್ಲ.

ಶಿವರುದ್ರಪ್ಪ ಓದಿದ, ರೇಲ್ವೆಯಲ್ಲಿ ಗುಮಾಸ್ತನಾದ. ಹೆಣ್ಣು ಕೊಡುವವರು ಜೋಗತಿ ಇರುವ ಮನೆಗೆ ಮಗಳನ್ನು ಕೊಡುವುದಿಲ್ಲ ಅಂದರು. ಬಸವಣ್ಣೆವ್ವ ಮನೆ ಬಿಟ್ಟು, ತನ್ನ ಹಾಗೆಯೇ ಜೋಗತಿಯಾದ ಕಾಶವ್ವನ ಕೋಣೆಗೆ ಬಂದಳು. ಮಂಗಳವಾರ, ಶುಕ್ರವಾರ ದೇವಿಯ ಬುಟ್ಟಿ ಹೊತ್ತು ಜೋಗಕ್ಕೆ ಹೋಗುತ್ತಿದ್ದಳು. ಅಣ್ಣನ ಬಾಗಿಲಲ್ಲೂ ಬೇರೆ ಬಾಗಿಲಲ್ಲಿ ನಿಂತ ಹಾಗೆಯೇ ನಿಂತು "ಉಧೋ ಯಲ್ಲವ್ವಾ" ಎನ್ನುತ್ತಿದ್ದಳು. ಅತ್ತಿಗೆ ಒಂದು ಹಿಡಿ ಜೋಳ ನೀಡುತ್ತಿದ್ದಳು. ಅಣ್ಣ ಒಳಗೆ ಪೇಪರು ಓದುತ್ತಿದ್ದ. ಎಷ್ಟು ವರ್ಷವಾದರೂ ಕೂತಲ್ಲಿಂದ ಏಳಲಿಲ್ಲ, ಪುಣ್ಯಾತ್ಮ.

*

ಇವತ್ತು ಎದ್ದು ಬಂದಿದ್ದ. ಕರಿ ಕೋಟು, ಕೈಯಲ್ಲಿ ಕೊಡೆ. ತಂಗಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಅವನು ಅವಳ ಮುಖ ನೋಡಲಾರದೆ ಗೋಡೆ ನೋಡಿದ.

"ಯಾಕ ತಡಾ ಮಾಡಾಕತ್ತೀರಿ?"

ರಂಗೂಬಾಯಿ ಬಳೆಯ ಸಂಗತಿ ಹೇಳಿದಳು.

"ಇದಕ್ಕೇನು? ಹಸರ ಬಳಿ ಇಡ್ರಿ, ಹಸರ ಸೀರಿ ಉಡಸ್ರಿ. ದೇವರು ಸಾಯೂದಂತ, ಏಳೂದಂತ! ಎಲ್ಲಾ ಸುಳ್ಳ ಕತಿ."

ಕರುಣೆಯಿಂದಲೇ ಆಡಿದ ಮಾತು. ರಂಗೂಬಾಯಿ "ದೇವಾ" ಎಂದು ಉಸಿರು ಬಿಟ್ಟು ಬಟ್ಟಲು ಎತ್ತಿಕೊಂಡಳು. ಕಾಶವ್ವ ಅವಳ ಕೈ ಹಿಡಿದು ನಿಲ್ಲಿಸಿದಳು.

"ಸುಳ್ಳೇನ್ರಿ?"

"ಸುಳ್ಳವಾ."

"ಹಂಗಾರ ನಿಮ್ಮ ಗಡ್ಡಿ ಒಡದದ್ದು ಯಾರಿಂದ್ರಿ?"

ಅವನು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಜಮದಗ್ನಿ ಸತ್ತದ್ದು ಸುಳ್ಳಂದ್ರ ಯಲ್ಲವ್ವನೂ ಸುಳ್ಳು. ಯಲ್ಲವ್ವನ ಸುಳ್ಳಂದ್ರ ಈಕೀನ ಯಾರಿಗಿ ಕೊಟ್ರಿ? ಮಂದಿ ಬಾಗಲದಾಗ ಯಾಕ ನಿಂತ್ಲು? ಬಳಿ ಸಲುವಾಗಿ ಈಕಿ ಜಲ್ಮಾನ ಸುಳ್ಳ ಮಾಡಬ್ಯಾಡ್ರಿ, ಯಪ್ಪಾ."

"ಖರೆ ಅಂದ್ರ?"

"ಖರೆ ಅಂದ್ರ ಬರಿಗೈಲೆ ಹೋಗತಾಳ."

ಶಿವರುದ್ರಪ್ಪ ಹೊಸ್ತಿಲ ಮೇಲೆ ಕುಸಿದು ಕೂತ. ದೇವಿ ನಿಜವಾದರೂ ತಂಗಿಗೆ ಏನೂ ಇಲ್ಲ, ಸುಳ್ಳಾದರೂ ಏನೂ ಇಲ್ಲ. ಕೊಡೆಯ ಹಿಡಿಕೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ.

"ಏನರ ದಾರಿ ತಗೀರಿ ಕಾಶವ್ವಾರ. ನಿಮ್ಮ ಕಾಲ ಬೀಳತೇನಿ."

ಕಾಶವ್ವ ಬಸವಣ್ಣೆವ್ವನ ಸೆರಗು ಸರಿಮಾಡಿದಳು. "ಕೈಗೆ ಇಡಾಕ ಬರಂಗಿಲ್ಲ. ಉಡ್ಯಾಗ ಕಟ್ಟೂಣು. ಹುಣ್ಣಿವಿ ಬಂದ ದಿನಾ ಮಣ್ಣಾಗ ತಾನ ಬಳಿ ಇಟಗೋತಾಳ. ಆದ್ರ ಬಳಿ ತವರಿಂದ ಬರಬೇಕು. ತವರಂದ್ರ ಈಗ ನೀವ."

ಹೀಗೆಂದು ಯಾವ ಜೋಗತಿಯೂ ಎಂದೂ ಹೇಳಿದ್ದಿಲ್ಲ. ತಾನೇ ಕಟ್ಟಿದ ಮಾತೆಂದು ಕಾಶವ್ವನಿಗೆ ಗೊತ್ತಿತ್ತು. ಶಿವರುದ್ರಪ್ಪ ಕೊಡೆ ಅಲ್ಲೇ ಬಿಟ್ಟು, ಬೀದಿಯಲ್ಲಿ ಓಡಿದ.

ತಿರುಗಿ ಬಂದಾಗ ಏದುಸಿರು ಬಿಡುತ್ತಿದ್ದ. ಕಾಗದದ ಪೊಟ್ಟಣ ಬಿಚ್ಚಿದರೆ ಹಸಿರು ಗಾಜಿನ ಬಳೆ, ಒಳ್ಳೆಯ ಬಳೆಯೇ. ಕಾಶವ್ವ ಒಂದನ್ನು ತೆಗೆದು, ಬುಟ್ಟಿ ಹೊತ್ತು ಹೊತ್ತು ಗೆಣ್ಣು ದಪ್ಪಗಾಗಿದ್ದ ಆ ಕೈಯ ಬೆರಳುಗಳಿಗೆ ಹಿಡಿದು ನೋಡಿದಳು. ಉಗುರು ದಾಟಿ ಅದು ಅಲ್ಲಿಯೇ ನಿಂತಿತು.

"ಇವು ಸಣ್ಣ ಹುಡುಗೀವ ಅದಾವಲ್ರಿ," ಎಂದಳು ರಂಗೂಬಾಯಿ.

"ಅಂಗಡಿಯಾಕಿ ಅಳತಿ ಕೇಳಿದ್ಲು," ಎಂದ ಶಿವರುದ್ರಪ್ಪ. ಹೆಬ್ಬೆರಳಿಗೆ ತೋರುಬೆರಳು ಕೂಡಿಸಿದ. "ನಾ ಇಷ್ಟು ಅಂತ ತೋರಿಸಿದೆ."

ಅವನು ಪೊಟ್ಟಣಕ್ಕೆ ಕೈ ಚಾಚಿದ.

"ಬದಲಿ ಮಾಡಿಸಿಕೊಂಡ ಬರತೇನಿ, ತಡೀರಿ."

"ಹೊತ್ತ ಮುಳಗಾಕ ಬಂತ್ರಿ!" ಎಂದು ಹೊರುವವರು ಅಂಗಳದಿಂದ ಕೂಗಿದರು.

ಕಾಶವ್ವ ಬಳೆಗಳನ್ನು ಬಸವಣ್ಣೆವ್ವನ ಉಡಿಯಲ್ಲಿಟ್ಟು ಗಂಟು ಹಾಕಿದಳು. ಹೊರುವವರು ಒಳಗೆ ಬಂದು ಎತ್ತಿಕೊಂಡರು. ದಾರಿ ಬಿಡಿರೆಂದು ಎರಡು ಸಲ ಹೇಳಿಸಿಕೊಂಡು ಶಿವರುದ್ರಪ್ಪ ಬಾಗಿಲಿನ ಪಕ್ಕಕ್ಕೆ ಸರಿದ. ಅವನ ಹೆಬ್ಬೆರಳು, ತೋರುಬೆರಳು ಇನ್ನೂ ಹಾಗೆಯೇ ಕೂಡಿಕೊಂಡಿದ್ದವು.