ಒಂದು ಲಾರಿಗೆ ಮೂರು ಗೀಟು

ನವೆಂಬರ್ ಹನ್ನೊಂದನೆಯ ತಾರೀಖು, ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ, ಆ ರಸ್ತೆಯಲ್ಲಿ ನೂರ ಹನ್ನೆರಡು ವಾಹನಗಳು ಹಾದುಹೋಗಿದ್ದವು. ನೂರ ಹದಿಮೂರನೆಯದು ಕಲ್ಲುಪುಡಿ ಹೇರಿದ್ದ ಉದ್ದನೆಯ ಲಾರಿ. ಅದರ ಮುಂದಿನ ಚಕ್ರ ರಸ್ತೆಗೆ ಅಡ್ಡ ಎಳೆದ ಸುಣ್ಣದ ಗೆರೆಯನ್ನು ಮುಟ್ಟಿದ ಕೂಡಲೇ, ಬದಿಯಲ್ಲಿ ಕುಳಿತ ಎಣಿಕೆಯವನು ಹಾಳೆಯ ಎಡಭಾಗದಲ್ಲಿ ಒಂದು ಗೀಟು ಎಳೆದ. ಎರಡು ನಿಮಿಷದ ತರುವಾಯ ಎದುರು ದಿಕ್ಕಿನಿಂದ ಒಂದು ಲಾರಿ ಬಂತು. ಬಲಭಾಗದಲ್ಲಿ ಒಂದು ಗೀಟು. ಅದು ಊಟದಂಗಡಿಯ ಅಂಗಳಕ್ಕೆ ತಿರುಗಿ ನಿಂತಿತು.

ಅರ್ಧ ಗಂಟೆ ಕಳೆದು ಲಾರಿ ಅಂಗಳದಿಂದ ಹೊರಬಂದು ಗೆರೆ ದಾಟುತ್ತಿದ್ದಾಗ, ಚಾಲಕ ವೇಗ ತಗ್ಗಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನ್ ಗೀಟಪ್ಪ, ನನ್ನೊಬ್ಬನನ್ನೇ ಎಷ್ಟು ಸಲ ಬರ್ಕೋತೀರಿ? ಮೂರನೇ ಸಲ ಇದು. ಲಾರಿ ಸವೆದು ಹೋದೀತು."

ಎಣಿಕೆಯವನ ಪೆನ್ಸಿಲು ಹಾಳೆಯ ಮೇಲೆಯೇ ನಿಂತಿತು.

ಈ ಕೆಲಸ ಕಲಿಸಿದ ಹಿರಿಯ ನೌಕರ ಅವನಿಗೆ ಮೊದಲ ದಿನವೇ ಹೇಳಿದ್ದ: ಮುಖ ನೋಡಬೇಡ, ಚಕ್ರ ನೋಡು, ಯಾರು, ಎಲ್ಲಿಗೆ, ಯಾಕೆ ಅನ್ನೋದಕ್ಕೆ ನಿನ್ನ ಹಾಳೆಯಲ್ಲಿ ಕಾಲಂ ಇಲ್ಲ. ಮೂವತ್ತೊಂದು ವರ್ಷ ಅವನು ಚಕ್ರಗಳನ್ನೇ ನೋಡಿದ್ದ. ನಿವೃತ್ತಿಯಾದ ಮೇಲೂ, ದಿನಗೂಲಿಯ ಮೇಲೆ, ಹೆದ್ದಾರಿ ಇಲಾಖೆ ಅವನನ್ನು ಕರೆಯುತ್ತಿದ್ದದ್ದು ಅವನ ಮೊತ್ತಗಳನ್ನು ಯಾರೂ ಎರಡನೆಯ ಸಲ ಕೂಡಿ ನೋಡಬೇಕಾಗಿರಲಿಲ್ಲ ಎಂಬ ಕಾರಣಕ್ಕೆ.

ಅವನು ಕುರ್ಚಿಯಿಂದ ಎದ್ದು ಅಂಗಳದ ಬಾಯಿಯನ್ನು ನೋಡಿದ. ಅದು ಓರೆಯಾಗಿತ್ತು. ಕಲ್ಲುಗಣಿಯ ಕಡೆಯಿಂದ ಬರುವ ಉದ್ದನೆಯ ಲಾರಿ ಅಲ್ಲಿ ನೇರವಾಗಿ ಒಳಗೆ ತಿರುಗುವಂತಿರಲಿಲ್ಲ. ಅದು ಅಂಗಡಿಯನ್ನು ದಾಟಿ, ಗೆರೆಯನ್ನೂ ದಾಟಿ, ಇನ್ನೂರು ಗಜ ಮುಂದಿನ ಅಗಲವಾದ ಜಾಗದಲ್ಲಿ ತಿರುಗಿ ಹಿಂದಕ್ಕೆ ಬರಬೇಕು. ಉಂಡು ಹೊರಟಾಗ ಮತ್ತೆ ಗೆರೆ ದಾಟಬೇಕು. ಸುಮ್ಮನೆ ಹೋಗುವ ಲಾರಿಗೆ ಒಂದು ಗೀಟು. ಉಣ್ಣಲು ನಿಂತ ಲಾರಿಗೆ ಮೂರು.

ಆ ಗೆರೆಯನ್ನು ಏಳು ವರ್ಷದ ಹಿಂದೆಯೂ ಅವನೇ, ಅದೇ ಮೈಲಿಗಲ್ಲಿನ ಪಕ್ಕದಲ್ಲಿ ಎಳೆದಿದ್ದ.

ಆಗ ಈ ರಸ್ತೆಯಲ್ಲಿ ಲಾರಿಯ ಬೆನ್ನಿಗೆ ಲಾರಿ ಅಂಟಿಕೊಂಡು ಹೋಗುತ್ತಿತ್ತು. ಅವನು ಒಂದು ದಿಕ್ಕಿನ ವಾಹನಗಳನ್ನು ಎಣಿಸುತ್ತಿದ್ದ; ರಸ್ತೆಯಾಚೆ ಕುಳಿತ ಇನ್ನೊಬ್ಬ ಎದುರು ದಿಕ್ಕಿನವನ್ನು. ಹೋದ ಲಾರಿಯೇ ತಿರುಗಿ ಬಂತೆಂದು ತಿಳಿಯಲು ಇಬ್ಬರಲ್ಲಿ ಒಬ್ಬನಿಗೂ ದಾರಿಯಿರಲಿಲ್ಲ. ಏಳು ದಿನಗಳ ಸರಾಸರಿ ದಿನಕ್ಕೆ ಹತ್ತು ಸಾವಿರದ ನೂರ ಮೂವತ್ತೆಂಟು ಬಂದಿತ್ತು. ಹತ್ತು ಸಾವಿರ ಮುಟ್ಟದಿದ್ದರೆ ಇದ್ದ ರಸ್ತೆಯನ್ನೇ ಅಗಲ ಮಾಡಲು ಹಣ. ಮುಟ್ಟಿದರೆ ಊರಾಚೆ ಹೊಸ ಬೈಪಾಸಿಗೆ ಸಾಲ. ಈ ನಿಯಮ ಆಗ ಅವನಿಗೆ ಗೊತ್ತಿರಲಿಲ್ಲ. ಎಣಿಸುವವರಿಗೆ ಅದನ್ನು ಹೇಳುವ ಪದ್ಧತಿಯಿರಲಿಲ್ಲ, ತಿಳಿದರೆ ಕೈ ವಾಲುತ್ತದೆ ಎಂದು. ಊಟದಂಗಡಿಯಾಕೆ ಎಣಿಕೆ ಯಾಕೆಂದು ಕೇಳಿದಾಗ ಅವನು ತನಗೆ ತೋಚಿದ್ದನ್ನು ಹೇಳಿದ್ದ: ಎಣಿಕೆ ಜಾಸ್ತಿ ಬಂದಷ್ಟೂ ನಿಮ್ಮ ರಸ್ತೆಗೆ ಹಣ ಜಾಸ್ತಿ.

ಆಕೆ ಅದನ್ನು ನಂಬಿದ್ದಳು. ಆ ಏಳು ದಿನದ ಹದಿನಾಲ್ಕು ಊಟಕ್ಕೆ ಹಣ ಕೊಡಲು ಹೋದಾಗ ತೆಗೆದುಕೊಂಡಿರಲಿಲ್ಲ. "ರಸ್ತೆ ಅಗಲ ಆದ ಮೇಲೆ ಕೊಡಿ. ಆ ನೆಪದಲ್ಲಾದ್ರೂ ಇನ್ನೊಂದು ಸಲ ಬರ್ತೀರಿ" ಎಂದು, ಬಾಕಿ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಊಟಕ್ಕೆ ನಲವತ್ತೈದರಂತೆ ಆರುನೂರ ಮೂವತ್ತು.

ಬೈಪಾಸ್ ತೆರೆದು ಈಗ ನಾಲ್ಕು ವರ್ಷ. ಅವನು ಬಂದಿರಲಿಲ್ಲ. ಹೊಸ ರಸ್ತೆಯಿಂದ ಏನಾಯಿತು ಎಂಬ ವರದಿಗೆ ಹಳೆಯ ರಸ್ತೆಯ ಎಣಿಕೆಯೂ ಬೇಕೆಂದು ಇಲಾಖೆ ಕಳಿಸಿದ ಮೇಲಷ್ಟೇ ಬಂದದ್ದು, ಆರುನೂರ ಮೂವತ್ತನ್ನು ಒಂದು ಲಕೋಟೆಯಲ್ಲಿಟ್ಟುಕೊಂಡು. ಆಕೆ ಮೊದಲ ದಿನವೇ ಗುರುತಿಸಿ, ಕುಳಿತುಕೊಳ್ಳಲು ಅದೇ ಕಬ್ಬಿಣದ ಕುರ್ಚಿ ತಂದುಹಾಕಿದ್ದಳು. ಲಕೋಟೆಯನ್ನು ಮಾತ್ರ ಹಿಂದಕ್ಕೆ ತಳ್ಳಿದ್ದಳು. "ಈ ಸಲದ್ದು ದಿನಾ ಕೊಡಿ. ಹಳೇದು ಹೋಗೋ ದಿನ ನೋಡೋಣ. ಅದೊಂದಿದ್ರೆ ತಾನೇ ನೆನಪು?"

ಅವನಿಗೂ ಅವಸರವಿರಲಿಲ್ಲ. ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು. ಮಹಡಿಯ ಮೇಲಿನ ಅವನ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ ಇದ್ದವು. ಅವನ ಪಾಲಿಗೆ ಒಂದು ಸಾಲು ಬರೆದಿಟ್ಟುಕೊಂಡು ಯಾರಾದರೂ ಕಾಯುತ್ತಿದ್ದರೆ, ಅದು ಆ ಬಾಕಿ ಪುಸ್ತಕದಲ್ಲಿ ಮಾತ್ರ.

ಮಧ್ಯಾಹ್ನ ಗೆರೆ ಕಾಣುವ ಮೇಜಿಗೆ ಊಟಕ್ಕೆ ಹೋದಾಗ ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಹದಿನಾರು ಮೇಜುಗಳಲ್ಲಿ ಹನ್ನೆರಡನ್ನು ಗೋಡೆಗೆ ಒರಗಿಸಿ, ಒಂದರ ಮೇಲೊಂದು ಮಗುಚಿಡಲಾಗಿತ್ತು.

"ಗಣಿ ಕಡೆಯ ಲಾರಿ ದಿನಕ್ಕೆ ಎಷ್ಟು ನಿಲ್ಲುತ್ವೆ ಇಲ್ಲಿ?" ಎಂದು ಕೇಳಿದ.

"ನಾಲ್ಕು. ಅವರೂ ರುಚಿಗೆ ಬರೋರಲ್ಲ. ಅಭ್ಯಾಸಕ್ಕೆ."

"ದಿನಾ ನಾಲ್ಕೇ?"

"ಒಬ್ಬ ಬರದಿದ್ರೆ ಇನ್ನೊಬ್ಬನ ಹತ್ರ ಕೇಳ್ತೀನಿ, ಯಾಕಪ್ಪ ಬರಲಿಲ್ಲ ಅಂತ. ಅಷ್ಟು ಸರಿಯಾಗಿ ನಾಲ್ಕು."

"ಆಗ ಎಷ್ಟಿದ್ವು? ನಾನು ಮೊದಲು ಬಂದಾಗ."

ಆಕೆ ತಟ್ಟೆಗೆ ಬೇಳೆ ಬಡಿಸುತ್ತಾ ಲೆಕ್ಕ ಹಾಕಿದಳು. "ಆ ಕಡೆಯವು ತೊಂಬತ್ತಕ್ಕೆ ಒಂದೂ ಕಡಿಮೆ ಇರ್ತಿರಲಿಲ್ಲ. ತೊಂಬತ್ತು ಅಂತಾನೇ ಹಿಟ್ಟು ನಾದಿಸ್ತಿದ್ದೆ. ಯಾಕೆ, ಈಗ ಬಂತಾ ಜ್ಞಾಪಕ?"

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ತೊಂಬತ್ತು ಲಾರಿಗೆ ಹೆಚ್ಚುವರಿ ಗೀಟು ನೂರ ಎಂಬತ್ತು. ಕಳೆದರೆ ಒಂಬತ್ತು ಸಾವಿರದ ಒಂಬೈನೂರ ಐವತ್ತೆಂಟು. ತೊಂಬತ್ತೂ ಬೇಕಿರಲಿಲ್ಲ, ಎಪ್ಪತ್ತು ಸಾಕಿತ್ತು. ತಟ್ಟೆಯಲ್ಲಿ ಅರ್ಧ ಊಟ ಉಳಿಯಿತು. ಮೂವತ್ತೊಂದು ವರ್ಷದಲ್ಲಿ ಅವನು ತಟ್ಟೆಯಲ್ಲಿ ಅನ್ನ ಬಿಟ್ಟದ್ದು ಅಪರೂಪ.

ಸಂಜೆ ಆರಕ್ಕೆ ಎಣಿಕೆ ಮುಗಿಸಿ ಇಂಜಿನಿಯರಿಗೆ ಫೋನು ಮಾಡಿದ. ವಯಸ್ಸಿನಲ್ಲಿ ಚಿಕ್ಕವನಾದ ಆ ಇಂಜಿನಿಯರು ಕೊನೆಯವರೆಗೂ ಕೇಳಿಸಿಕೊಂಡ.

"ಯಜಮಾನ್ರೇ, ರಸ್ತೆ ಆಗಿಹೋಗಿದೆ. ಸಾಲದ ಕಂತು ಇನ್ನೂ ಹದಿನಾರು ವರ್ಷ ಇದೆ. ಈಗ ನೀವು ನೂರ ಎಂಬತ್ತು ಕಳೀರಿ ಅಂದ್ರೆ, ಅದನ್ನ ಚಾಪೆ ತರಹ ಸುತ್ತಿ ವಾಪಸ್ ಕೊಡೋಕಾಗುತ್ತಾ?"

"ಹಳೇದನ್ನ ಬಿಡಿ. ಈಗಿನದನ್ನ ಹೇಗೆ ಬರೀಲಿ?"

"ಆಗ ಹೇಗೆ ಬರೆದಿದ್ರೋ ಹಾಗೇ. ಗೆರೆ ದಾಟಿದ್ದಕ್ಕೆಲ್ಲ ಗೀಟು. ಹಿಂದಿನದು ಇಂದಿನದು ಹೋಲಿಸಬೇಕಾದ್ರೆ ವಿಧಾನ ಒಂದೇ ಇರಬೇಕು."

"ವಿಧಾನವೇ ತಪ್ಪಿತ್ತಲ್ಲ."

"ತಪ್ಪಾದ್ರೆ ಎರಡು ಕಡೆಯೂ ಒಂದೇ ತಪ್ಪಿರಲಿ ಬಿಡಿ. ನಿಮಗೂ ತಾಪತ್ರಯ ಇಲ್ಲ, ನನಗೂ ಇಲ್ಲ." ಸ್ವಲ್ಪ ತಡೆದು ಇಂಜಿನಿಯರು ಮತ್ತೆ ಹೇಳಿದ, "ಇನ್ನೊಂದು ಮಾತು. ಸರಾಸರಿ ಮುನ್ನೂರಕ್ಕಿಂತ ಕೆಳಗೆ ಬಂದ್ರೆ ಆ ರಸ್ತೆ ನಮ್ಮ ಪಟ್ಟಿಯಿಂದ ಹೋಗುತ್ತೆ. ಗುಂಡಿ ಮುಚ್ಚೋದಕ್ಕೆ ಹಣ ಇಲ್ಲ, ದೀಪಕ್ಕೆ ಇಲ್ಲ. ಬಸ್ಸಿನವರು ಒಂದು ಮಳೆಗಾಲ ನೋಡಿ ನಿಲ್ಲಿಸ್ತಾರೆ. ಹೇಳಬಾರದಿತ್ತು, ಹೇಳಿದೀನಿ."

ಅವನು ಫೋನನ್ನು ಜೇಬಿಗೆ ಹಾಕಿಕೊಂಡು ಬಹಳ ಹೊತ್ತು ಕುಳಿತಿದ್ದ. ಅಷ್ಟು ಹೊತ್ತಿನಲ್ಲಿ ಒಂದು ಸೈಕಲ್ಲು ಮಾತ್ರ ಹೋಯಿತು.

ಹನ್ನೆರಡನೆಯ ತಾರೀಖು ನಾಲ್ಕು ಲಾರಿಗಳು ನಿಂತವು. ಹದಿಮೂರನೆಯ ತಾರೀಖು ಕೊನೆಯ ದಿನ; ಆ ದಿನವೂ ನಾಲ್ಕು. ಎರಡು ದಿನ ಅವನು ಎರಡು ಹಾಳೆಗಳಲ್ಲಿ ಎಣಿಸಿದ. ಮೊದಲ ಐದು ದಿನದ ನಿಂತ ಲಾರಿಗಳನ್ನು ಆಕೆಯ ಬಿಲ್ಲುಗಳಿಂದ ತಾಳೆ ನೋಡಿದ. ಇಪ್ಪತ್ತು, ಸರಿಯಾಗಿತ್ತು. ಏಳು ದಿನಕ್ಕೆ ಇಪ್ಪತ್ತೆಂಟು ಲಾರಿ, ಹೆಚ್ಚುವರಿ ಗೀಟು ಐವತ್ತಾರು.

ವರದಿಗೆ ಇನ್ನೊಂದು ಹಾಳೆಯನ್ನೂ ತುಂಬಬೇಕಿತ್ತು. ಮೇಲೆ 'ಆರ್ಥಿಕ ಪರಿಣಾಮ' ಎಂದು ಅಚ್ಚಾಗಿತ್ತು. ಹೊಸ ರಸ್ತೆಯಿಂದ ಪ್ರತಿ ವಾಹನಕ್ಕೆ ಇಪ್ಪತ್ತೆರಡು ನಿಮಿಷ ಉಳಿತಾಯ. ದಿನಕ್ಕೆ ಒಂಬತ್ತು ಸಾವಿರ ವಾಹನಕ್ಕೆ ಮೂರು ಸಾವಿರದ ಮುನ್ನೂರು ಗಂಟೆ. ಅದನ್ನು ಕಚೇರಿಯಲ್ಲೇ ತುಂಬಿ ಕಳಿಸಿದ್ದರು. ಕೂಡಿ ನೋಡಿದ, ಸರಿಯಾಗಿತ್ತು. ಅವನು ತುಂಬಬೇಕಾದದ್ದು ಕೆಳಗಿನ ಎರಡು ಸಾಲು. ಕೊನೆಯ ದಿನ ಸಂಜೆ ಐದಕ್ಕೆ, ಗೆರೆ ಕಾಣುವ ಮೇಜಿನಲ್ಲೇ ಕುಳಿತು ಆಕೆಯನ್ನು ಕೇಳಿದ.

"ಅಂಗಡಿಯಲ್ಲಿ ಮೊದಲು ಎಷ್ಟು ಜನ ಕೆಲಸಕ್ಕಿದ್ರು?"

"ಹನ್ನೊಂದು."

"ಈಗ?"

"ನಾನು ನಿಮ್ಮ ಹಾಳೇಲಿ ಕೆಲಸದವಳೋ ಯಜಮಾನಿಯೋ? ಅದು ಹೇಳಿ, ಆಮೇಲೆ ಹೇಳ್ತೀನಿ."

"ಯಜಮಾನಿ."

"ಹಾಗಾದ್ರೆ ಸೊನ್ನೆ ಹಾಕಿ."

ಅವನು ಸೊನ್ನೆ ಹಾಕಿದ. ಬಳಿಕ ಪೆನ್ಸಿಲನ್ನು ಮೇಜಿನ ಮೇಲಿಟ್ಟು, ತಾನು ಏಳು ವರ್ಷದ ಹಿಂದೆ ಮಾಡಿದ್ದನ್ನು ಹೇಳಿದ. ಲಾರಿ ಹೇಗೆ ತಿರುಗುತ್ತಿತ್ತು, ಗೀಟು ಹೇಗೆ ಮೂರಾಯಿತು, ಹತ್ತು ಸಾವಿರ ಎಂದರೆ ಏನಾಗಿತ್ತು. ಮಧ್ಯದಲ್ಲಿ ಎಲ್ಲಿಯೂ ನಿಲ್ಲಿಸಲಿಲ್ಲ. ಪಾಠ ಒಪ್ಪಿಸುವವನಂತೆ ಹೇಳಿ ಮುಗಿಸಿದ.

ಆಕೆ ಒದ್ದೆ ಬಟ್ಟೆಯನ್ನು ಹಿಂಡಿ, ಮಡಿಸಿ, ಮೇಜಿನ ಅಂಚಿಗಿಟ್ಟಳು.

"ಅಂದ್ರೆ ಅವರು ಉಣ್ಣೋದಕ್ಕೆ ನಿಲ್ಲದೆ ಹೋಗಿದ್ರೆ, ರಸ್ತೆ ಇಲ್ಲೇ ಇರ್ತಿತ್ತು."

"ಹೌದು."

"ಚೆನ್ನಾಗಿ ಅಡುಗೆ ಮಾಡಿದ್ದೇ ಕೆಟ್ಟದ್ದಾಯ್ತು." ಆಕೆ ಸಣ್ಣಗೆ ನಕ್ಕಳು, ನಗು ಬೇಗ ನಿಂತಿತು. "ಈಗ ಎಷ್ಟು ಬಂತು?"

"ಆರು ಗಂಟೆಗೆ ಹತ್ತಿರ ಹತ್ತಿರ, ಮೂರು ಗೀಟಿನ ಲೆಕ್ಕದಲ್ಲಿ ಮುನ್ನೂರ ಎರಡು. ಒಂದು ಗೀಟಿನ ಲೆಕ್ಕದಲ್ಲಿ ಇನ್ನೂರ ತೊಂಬತ್ತನಾಲ್ಕು."

"ಎಷ್ಟಿರಬೇಕು?"

"ಮುನ್ನೂರು. ಇಲ್ಲದಿದ್ರೆ ದೀಪ, ಬಸ್ಸು ಎರಡೂ ಹೋಗುತ್ವೆ."

ಆಕೆ ಹೊರಗೆ ನೋಡಿದಳು. ಅಂಗಳದ ಮೂಲೆಯ ಕಂಬದಲ್ಲಿ ಇಲಾಖೆಯ ದೀಪವಿತ್ತು. ಕತ್ತಲಾದ ಮೇಲೆ ಲಾರಿಗಳಿಗೆ ಅಂಗಳದ ಓರೆ ಬಾಯಿ ಕಾಣುತ್ತಿದ್ದದ್ದು ಅದರ ಬೆಳಕಿನಲ್ಲಿ.

"ನಿಮ್ಮ ಸಾಹೇಬರು ಏನಂದ್ರು?"

"ಮೊದಲಿನ ಹಾಗೇ ಬರೀರಿ ಅಂದ್ರು."

"ಮತ್ತೆ? ಅವರೇ ಹೇಳಿದ ಮೇಲೆ ನಿಮ್ಮದೇನು ಗಂಟು ಹೋಗುತ್ತೆ?"

ಅವನು ಹಾಳೆಗಳ ಅಂಚನ್ನು ಸರಿಯಾಗಿ ಜೋಡಿಸಿದ. "ಆಗ ಗೊತ್ತಿಲ್ಲದೆ ಹಾಕಿದ ಗೀಟು ಅದು. ಈಗ ಗೊತ್ತಿದೆ."

"ಆಗ ತಪ್ಪು ಬರೆದು ರಸ್ತೆ ಕಳೆದ್ರಿ. ಈಗ ಸರಿ ಬರೆದು ದೀಪ ಕಳೀತೀರಿ. ನನಗೇನು ವ್ಯತ್ಯಾಸ ಆಯ್ತು, ಎಣಿಕೆಯವರೇ?"

ಆಕೆ ಉತ್ತರಕ್ಕೆ ಕಾಯದೆ ಪಾತ್ರೆಗಳ ಕಡೆಗೆ ಹೋದಳು.

ಆರು ಗಂಟೆಗೆ ಅವನು ಕೊನೆಯ ನಾಲ್ಕು ಗೀಟುಗಳ ಮೇಲೆ ಐದನೆಯ ಅಡ್ಡಗೀಟು ಎಳೆದು ಮೊತ್ತ ಹಾಕಿದ. ಎರಡು ಸಾವಿರದ ಐವತ್ತೆಂಟು. ಏಳರಿಂದ ಭಾಗಿಸಿದರೆ ಇನ್ನೂರ ತೊಂಬತ್ತನಾಲ್ಕು, ಶೇಷವಿಲ್ಲ. ಪೆನ್ಸಿಲನ್ನು ಬದಿಗಿಟ್ಟು ಶಾಯಿಯಲ್ಲಿ ಬರೆದ. ಷರಾ ಕಾಲಮ್ಮಿನಲ್ಲಿ, ಏಳು ವರ್ಷದ ಹಿಂದಿನ ಎಣಿಕೆಯಲ್ಲಿ ದಿನಕ್ಕೆ ಸುಮಾರು ನೂರ ಎಂಬತ್ತು ಹೆಚ್ಚು ಬಿದ್ದಿದೆ, ಕಾರಣ ಹೀಗೆ, ಎಣಿಸಿದವನು ನಾನೇ, ಎಂದು ನಾಲ್ಕು ಸಾಲು ಬರೆದು ಸಹಿ ಹಾಕಿದ. ಇಲಾಖೆ ಇನ್ನು ಮುಂದೆ ಅವನನ್ನು ಎಣಿಕೆಗೆ ಕರೆಯುವುದಿಲ್ಲ. ಅದನ್ನು ತಿಳಿಯಲು ಇಂಜಿನಿಯರಿಗೆ ಫೋನು ಮಾಡಬೇಕಾಗಿರಲಿಲ್ಲ. ಬರೆದ ಹಾಳೆಯನ್ನು ಆಕೆಗೆ ಕಾಣುವಂತೆ ಮೇಜಿನ ಮೇಲಿಟ್ಟ. ಶಾಯಿ ಆರುವವರೆಗೆ ಅದು ಅಲ್ಲಿತ್ತು.

ಆಕೆ ಓದಿದಳು. ಹೊರಗೆ ಹೋಗಿ ಕಬ್ಬಿಣದ ಕುರ್ಚಿಯನ್ನು ಮಡಚಿ ಒಳಗೆ ತಂದು, ಮಗುಚಿಟ್ಟ ಮೇಜುಗಳ ಪಕ್ಕಕ್ಕೆ ಒರಗಿಸಿದಳು. ಆಮೇಲೆ ಗಲ್ಲಾದ ಹಿಂದೆ ನಿಂತು ಕೈ ಚಾಚಿದಳು.

"ಕೊಡಿ."

ಅವನಿಗೆ ಮೊದಲು ತಿಳಿಯಲಿಲ್ಲ.

"ಲಕೋಟೆ."

ಅವನು ಕೊಟ್ಟ. ಆಕೆ ನೋಟುಗಳನ್ನು ತೆಗೆದು, ಬೆರಳಿಗೆ ನೀರು ಮುಟ್ಟಿಸಿ ಒಮ್ಮೆ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಗಲ್ಲಾಕ್ಕೆ ಹಾಕಿ ಬೀಗ ತಿರುಗಿಸಿದಳು. ಖಾಲಿ ಲಕೋಟೆಯನ್ನು ಅವನಿಗೆ ಹಿಂದಿರುಗಿಸಿದಳು. ಬಾಕಿ ಪುಸ್ತಕವನ್ನು ತೆರೆದು, ಹಿಂದಿನ ಪುಟಗಳಿಗೆ ಹೋಗಿ, ಅವನ ಪೆನ್ಸಿಲನ್ನು ಕೇಳಿ ತೆಗೆದುಕೊಂಡು, ಆ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೀಟು ಎಳೆದಳು.

"ಸರಿಯಾಗಿದೆಯಾ?" ಎಂದು ಅವನು ಕೇಳಿದ.

"ಸರಿಯಾಗಿದೆ. ನಿಮ್ಮ ಲೆಕ್ಕ ಯಾವತ್ತು ತಪ್ಪಿದೆ?"

ಪೆನ್ಸಿಲನ್ನು ಮೇಜಿನ ಮೇಲೆ ಅವನ ಕಡೆಗೆ ಉರುಳಿಸಿದಳು.

ಅವನು ಸ್ಕೂಟರಿನಲ್ಲಿ ಗೆರೆಯನ್ನು ದಾಟಿದ. ಎಣಿಕೆಗೆ ಬಂದವರ ವಾಹನವನ್ನು ಎಣಿಸುವುದಿಲ್ಲ, ಅದು ನಿಯಮ. ಇನ್ನೂರು ಗಜ ಮುಂದೆ, ಅಗಲವಾದ ಜಾಗದಲ್ಲಿ, ಟೋಪಿಯನ್ನು ಸರಿಮಾಡಿಕೊಳ್ಳಲು ನಿಂತ. ಹಿಂದಿನಿಂದ ಒಂದು ಲಾರಿ ಬಂತು. ಅವನ ಪಕ್ಕದಲ್ಲೇ ನಿಧಾನವಾಗಿ ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಸವೆದ ಸುಣ್ಣದ ಗೆರೆಯನ್ನು ಇನ್ನೊಮ್ಮೆ ದಾಟಿ, ಕಂಬದ ದೀಪ ಬಿದ್ದಿದ್ದ ಅಂಗಳದೊಳಗೆ ನಿಂತಿತು.

ಆ ದಿನದ ಐದನೆಯ ಲಾರಿ ಅದು. ಆರು ಗಂಟೆ ಹದಿನೆಂಟು ನಿಮಿಷವಾಗಿತ್ತು.