ಖಾಲಿ ಮನೆಯ ಜಗಳ

ಮಗಳ ಎರಡನೇ ಹೆರಿಗೆಗೆ ಹೋಗಿಯೇ ತೀರುತ್ತೇನೆ ಎಂದು ನಾನು ಪಟ್ಟು ಹಿಡಿದಿದ್ದೆ. ಮೊದಲ ಹೆರಿಗೆಗೆ ಹೋಗಿದ್ದಾಗ ಮನೆಗೆ ಕಳ್ಳರು ನುಗ್ಗಿದ್ದರು. ಸುದ್ದಿ ತಿಳಿದದ್ದೇ ತಡ, ನಮ್ಮವರು ನನ್ನನ್ನು ಆಸ್ಪತ್ರೆಯಿಂದಲೇ ಹೊರಡಿಸಿಕೊಂಡು ಬಂದರು. "ನಿಮಗೆ ನನಗಿಂತ ಮನೆನೇ ಹೆಚ್ಚು," ಎಂದಿದ್ದಳು ಮಗಳು. ಆ ಮಾತು ಅಂದಿನಿಂದ ಚುಚ್ಚುತ್ತಲೇ ಇತ್ತು.

ನಮ್ಮವರು ಟಿವಿ, ರೇಡಿಯೋ ರಿಪೇರಿ ಮಾಡುವವರು. ಈ ಸಲ ಹೊರಡುವ ಮುಂಚೆ ಮನೆ ತುಂಬ ಟೈಮರ್ ಕೂರಿಸಿದರು. ಕತ್ತಲಾದರೆ ಹಾಲ್‌ನ ದೀಪ ತಾನೇ ಹತ್ತುತ್ತದೆ, ಆಮೇಲೆ ಅಡುಗೆಮನೆಯದು. ಟಿವಿ ಒಂದಷ್ಟು ಹೊತ್ತು ವಾರ್ತೆ ಓದಿ ಸುಮ್ಮನಾಗುತ್ತದೆ.

"ಯಾರು ನೋಡಿದ್ರೂ ಮನೇಲಿ ಜನ ಇದಾರೆ ಅನ್ಬೇಕು," ಎಂದು ಬೀಗಿದರು.

"ಯಾರೂ ಅನ್ನಲ್ಲ," ಎಂದೆ. "ನಮ್ಮ ಜಗಳ ಕೇಳಿಸ್ದಿದ್ರೆ ಇಡೀ ಬೀದಿಗೆ ಗೊತ್ತಾಗುತ್ತೆ, ಇವರು ಊರಲ್ಲಿಲ್ಲ ಅಂತ."

ತಮಾಷೆಗೆ ಹೇಳಿದ್ದಲ್ಲ. ಸಂಜೆಯಾದರೆ ನಾವು ಜಗಳವಾಡದ ದಿನವೇ ಇಲ್ಲ. ಅವರು ತಲೆ ಕೆರೆದುಕೊಂಡು ರೆಕಾರ್ಡರ್ ತಂದಿಟ್ಟರು. "ಸರಿ, ಶುರು ಮಾಡು."

ಶುರು ಮಾಡು ಎಂದರೆ ಜಗಳ ಬರುತ್ತದೆಯೇ? "ಕಾಫಿ ಕುಡೀತೀರಾ?" ಎಂದು ಕೇಳಿದೆ. "ನಿನಗೆ ಅನುಕೂಲ ಆದ್ರೆ ಕೊಡು," ಎಂದರು. ಮದುವೆಯಾದಾಗಿನಿಂದ ನಾವು ಇಷ್ಟು ಮರ್ಯಾದೆಯಿಂದ ಮಾತಾಡಿದ್ದೇ ಇಲ್ಲ.

ಕೊನೆಗೆ ಅವರೇ ಕಡ್ಡಿ ಗೀರಿದರು. "ಇಷ್ಟೆಲ್ಲ ಒದ್ದಾಟ ಯಾಕೆ? ನೀನೊಬ್ಬಳೇ ಹೋಗು. ನಾನು ಮನೆ ಕಾಯ್ತೀನಿ."

ನನಗೆ ರೇಗಿಹೋಯಿತು. "ಮನೆ ಹೋದ್ರೆ ಹೋಗ್ಲಿ, ನನಗೆ ಮಗಳು ಬೇಕು. ಅವಳಿಗೆ ಅಪ್ಪಾನೂ ಬೇಕು. ನೀವು ಬರ್ದಿದ್ರೆ ಈ ಮನೇನ ನೀವೇ ಕಟ್ಕೊಂಡಿರಿ, ನಾನು ವಾಪಸ್ ಬರಲ್ಲ." ಬಾಯಿಗೆ ಬಂದದ್ದನ್ನೆಲ್ಲ ಅಂದೆ. ರೆಕಾರ್ಡರ್ ಓಡುತ್ತಲೇ ಇತ್ತು. ಅವರು ಎದ್ದು ತಮ್ಮ ಬಟ್ಟೆಯನ್ನೂ ಚೀಲಕ್ಕೆ ತುರುಕಿದರು.

ಮಾರನೆಯ ದಿನ ಜಗಳವನ್ನೂ ಟೈಮರ್‌ಗೆ ಜೋಡಿಸಿ, ಹೊರಗೆ ಬೀಗ ಕಾಣದ ಹಾಗೆ ಬಾಗಿಲು ಭದ್ರ ಮಾಡಿ ಹೊರಟೆವು. ಪಕ್ಕದ ಮನೆಯ ಟೀಚರಮ್ಮನಿಗೂ ಹೇಳಬಾರದೆಂದು ಅವರ ಕಟ್ಟಪ್ಪಣೆ.

ಮಗಳಿಗೆ ಹೆಣ್ಣುಮಗು ಹುಟ್ಟಿತು. ಆದರೆ ಅವಳದು ನಮ್ಮೊಂದಿಗೆ ಎಷ್ಟು ಬೇಕೋ ಅಷ್ಟೇ ಮಾತು. ಹೋದ ದಿನವೇ "ಯಾವಾಗ ಹೊರಡ್ತೀರಿ?" ಎಂದು ಕೇಳಿದ್ದಳು. "ನೀನು ಸಾಕು ಅಂದ್ಮೇಲೆ," ಎಂದಿದ್ದೆ. ಅವಳು ನಂಬಲಿಲ್ಲ.

ಒಂದು ಸಂಜೆ ಅವಳ ಹಾಸಿಗೆಯ ಪಕ್ಕ ಕೂತಿದ್ದಾಗ ನಮ್ಮವರ ಮೊಬೈಲಿಗೆ ಟೀಚರಮ್ಮನ ಫೋನ್ ಬಂತು. ನಮ್ಮವರ ಕೈಯಲ್ಲಿ ಮಗುವಿತ್ತು. ನಾನು ಸ್ಪೀಕರ್ ಹಾಕಿ ಅವರ ಮುಂದೆ ಹಿಡಿದೆ.

"ಗಂಡ ಹೆಂಡತಿ ಮಧ್ಯೆ ಬಾಯಿ ಹಾಕಬಾರ್ದು," ಎಂದರು ಟೀಚರಮ್ಮ. "ಆದ್ರೆ ದಿನಾ ನಿಮ್ಮ ಮನೆಯವ್ರು ಮಗಳು ಬೇಕು ಅಂತ ಬಾಯಿ ಬಡ್ಕೋತಿದಾರೆ, ನೀವು ತುಟಿ ಪಿಟಕ್ ಅನ್ನಲ್ಲ. ತಟ್ಟಿದ್ರೂ ಬಾಗಿಲು ತೆಗೆಯಲ್ಲ. ಕರ್ಕೊಂಡು ಹೋಗಿ ಅವರನ್ನ. ಮನೆ ನಾನು ನೋಡ್ಕೋತೀನಿ."

ನಮ್ಮವರು ತಡವರಿಸಿದರು. "ಟೀಚರಮ್ಮ, ನಾವು ಮಗಳ ಹತ್ರಾನೇ ಇದೀವಿ."

"ಸುಳ್ಳು ಯಾಕೆ ಹೇಳ್ತೀರಿ? ಈಗಲೂ ನಡೀತಿದೆ, ಕೇಳಿ ಬೇಕಾದ್ರೆ." ಅವರು ಫೋನನ್ನು ನಮ್ಮ ಕಿಟಕಿಗೆ ಹಿಡಿದಿರಬೇಕು. ಒಳಗಿಂದ ನನ್ನದೇ ಗಂಟಲು ಕಿರುಚಿತು: "ಮನೆ ಹೋದ್ರೆ ಹೋಗ್ಲಿ, ನನಗೆ ಮಗಳು ಬೇಕು."

ನಾಚಿಕೆಯಾಗಿ ಫೋನ್ ಇಡಲು ಹೋದೆ. ಮಗಳು ನನ್ನ ಕೈ ಹಿಡಿದಳು.

"ಇರಲಿ ಬಿಡಮ್ಮ. ಪೂರ್ತಿ ಕೇಳ್ತೀನಿ."